‘ಕ್ರೌಚಿಂಗ್ ಟೈಗರ್’ ಆದಮೇಲೆ ಅದರ ಎರಡನೇ ಭಾಗ ನೋಡಬೇಕಾ?

ಕಾಫಿಹೂ, ನಾಪೋಕ್ಲು
ಕೈಲ್ ಪೊಳ್ದ್ ಹಬ್ಬಕ್ಕೆ (ಕೊಡವರ ಆಯುಧಪೂಜೆ) ನೆಂಟರ ಮಕ್ಕಳೆಲ್ಲ ಸೇರ್ತಾರೆ, ಎಲ್ಲರೂ 12 ದಾಟಿದವರು. ಮನೆಯಲ್ಲೇ ಪ್ರೊಜೆಕ್ಟರ್ ಹಾಕಿ 2000ದ ‘ಕ್ರೌಚಿಂಗ್ ಟೈಗರ್, ಹಿಡನ್ ಡ್ರ್ಯಾಗನ್’, ಜೊತೆಗೆ 2016ರ ‘ಸ್ವೋರ್ಡ್ ಆಫ್ ಡೆಸ್ಟಿನಿ’ ತೋರಿಸೋ ಯೋಚನೆ ಇದೆ. ಎರಡಕ್ಕೂ ಫೈಟ್ ಮಾಸ್ಟರ್ ಒಬ್ಬರೇ, ಮಿಶೆಲ್ ಯೋ ಎರಡರಲ್ಲೂ ಇದ್ದಾರೆ. ಆದರೂ ಎರಡನೆಯದು ಸಪ್ಪೆ ಅಂತಾರಲ್ಲ, ಯಾಕೆ? ಒಂದೇ ರಾತ್ರಿ ಎರಡೂ ಹಾಕಬಹುದಾ? ನಮ್ಮದು ಶೀಟ್ ಮಾಡು, ಮಳೆ ಬಂದರೆ ಸೌಂಡ್ ಏನಾಗುತ್ತೋ ಅದೂ ಒಂದು ಚಿಂತೆ.

ಬೆಳ್ಳಿತೆರೆ, ಮಡಿಕೇರಿ
ಆಳು ಒಬ್ಬರೇ, ಮಾಡಿದ ಕೆಲಸ ಬೇರೆ. ಮೊದಲನೆಯದರಲ್ಲಿ ಯುಯೆನ್ ವೂ-ಪಿಂಗ್ ಹೊಡೆದಾಟ ಕಟ್ಟಿದರು, ನಿರ್ದೇಶನ ಆಂಗ್ ಲೀ ಅವರದು. ಎರಡನೆಯದನ್ನು ವೂ-ಪಿಂಗ್ ಅವರೇ ನಿರ್ದೇಶಿಸಿದ್ದಾರೆ. ಆಂಗ್ ಲೀ ಮೊದಲ ಫೈಟಿಗೆ ಸುಮಾರು ಕಾಲು ಗಂಟೆ ಕಾಯಿಸ್ತಾರೆ. ಯಾರು ಯಾರಿಗೆ ಏನಾಗಬೇಕು, ಯಾರು ಯಾವ ಮಾತನ್ನು ನುಂಗಿಕೊಂಡಿದ್ದಾರೆ ಅನ್ನೋದು ಅಷ್ಟರಲ್ಲಿ ನಮಗೆ ಗೊತ್ತಾಗಿರುತ್ತೆ. ಹಾಗಾಗಿ ಕತ್ತಿ ಬೀಸಿದಾಗ ಎದೆ ಹೊಡೆದುಕೊಳ್ಳುತ್ತೆ.

ಮೊದಲನೆಯದರಲ್ಲಿ ಶು ಲಿಯೆನ್ (ಮಿಶೆಲ್ ಯೋ) ಮತ್ತು ಜೆನ್ (ಝಾಂಗ್ ಝೀಯಿ) ನಡುವಿನ ಒಳಾಂಗಣದ ಹೊಡೆದಾಟವನ್ನೇ ತಗೊಳ್ಳಿ. ಜೆನ್ ಕೈಲಿರೋದು ಗ್ರೀನ್ ಡೆಸ್ಟಿನಿ ಅನ್ನೋ ಕತ್ತಿ ಒಂದೇ, ಎದುರಿಗೆ ಬಂದದ್ದನ್ನೆಲ್ಲ ತುಂಡರಿಸುತ್ತೆ. ಶು ಲಿಯೆನ್ ಜೋಡಿ ಕತ್ತಿ, ಈಟಿ, ಕೊಕ್ಕೆ ಕತ್ತಿ ಅಂತ ಆಯುಧ ಬದಲಿಸ್ತಾನೇ ಹೋಗ್ತಾಳೆ. ನಡುವೆ ಒಂದು ಭಾರದ ಆಯುಧ ಎತ್ತೋಕೆ ಹೋಗಿ ಅದರ ತೂಕಕ್ಕೆ ತಾನೇ ವಾಲ್ತಾಳೆ. ಕೊನೆಗೆ ಮುರಿದ ಕತ್ತಿಯನ್ನು ಜೆನ್ ಕುತ್ತಿಗೆಗೆ ತಂದು ನಿಲ್ಲಿಸ್ತಾಳೆ, ಕಡಿಯೋದಿಲ್ಲ. ಆ ಕರುಣೆಗೆ ಜೆನ್ ಕೊಡೋ ಉತ್ತರ ಅವಳ ತೋಳಿಗೆ ಒಂದು ಗಾಯ. ಇಬ್ಬರ ಸ್ವಭಾವವೂ ಅಲ್ಲೇ ಪೂರ್ತಿ ಬಯಲಾಗುತ್ತೆ.

ಎರಡನೆಯದರಲ್ಲಿ ಸೈಲೆಂಟ್ ವುಲ್ಫ್ ಅನ್ನೋ ಯೋಧನ (ಡಾನಿ ಯೆನ್) ಬೆನ್ನಿಗೆ ಒಂದು ಗುಂಪೇ ಬರುತ್ತೆ. ಒಬ್ಬೊಬ್ಬರಿಗೂ ಒಂದು ಹೆಸರು, ಒಂದು ವರಸೆ, ಅಷ್ಟೇ. ಸತ್ತಾಗ ಅಯ್ಯೋ ಅನ್ನಿಸೋಷ್ಟು ಪರಿಚಯವೇ ಆಗಿರಲ್ಲ.

ಇನ್ನು ಮುಂದಿನದು ಕಥೆ ಗೊತ್ತಿರೋರಿಗೆ ಮಾತ್ರ. ಮೊದಲ ಸಿನಿಮಾದಲ್ಲಿ ಲಿ ಮು ಬಾಯ್ (ಚೌ ಯುನ್-ಫ್ಯಾಟ್) ಮತ್ತು ಶು ಲಿಯೆನ್ ಪ್ರೀತಿಯನ್ನು ಬಾಯಿಬಿಟ್ಟು ಹೇಳದೇ ಇರೋದಕ್ಕೆ ಕಾರಣ, ಸತ್ತುಹೋದ ಅವಳ ನಿಶ್ಚಿತ ವರ ಮೆಂಗ್‌ಗೆ ಇಬ್ಬರೂ ಕೊಡೋ ಗೌರವ. ಎರಡನೆಯದರಲ್ಲಿ ಆ ಮೆಂಗ್ ಬದುಕೇ ಇದ್ದಾನೆ, ಸೈಲೆಂಟ್ ವುಲ್ಫ್ ಅವನೇ! ಅಂದರೆ ಅವರಿಬ್ಬರ ಅಷ್ಟು ವರ್ಷದ ಮೌನ ಸುಮ್ಮನೆ ದಂಡವಾಯ್ತು ಅಂದ ಹಾಗೆ. ನನ್ನ ಪ್ರಕಾರ ದೊಡ್ಡ ಪೆಟ್ಟು ಬಿದ್ದಿರೋದು ಇಲ್ಲೇ, ಫೈಟಲ್ಲಿ ಅಲ್ಲ.

ಸೌಂಡ್‌ಬಾಕ್ಸ್, ಗೋಣಿಕೊಪ್ಪ
ಶೀಟ್ ಮೇಲೆ ಮಳೆ ಹೊಡೆದರೆ ಮೊದಲು ಹೋಗೋದು ಮಾತು. ಮೊದಲ ಸಿನಿಮಾ ಮ್ಯಾಂಡರಿನ್‌ನಲ್ಲಿದೆ, ಹೇಗೂ ಸಬ್‌ಟೈಟಲ್ ಓದ್ತೀರಿ, ತೊಂದರೆ ಕಡಿಮೆ. ಎರಡನೆಯದನ್ನು ಇಂಗ್ಲಿಷ್‌ನಲ್ಲೇ ತೆಗೆದಿದ್ದಾರೆ, ಅದಕ್ಕೂ ಸಬ್‌ಟೈಟಲ್ ಆನ್ ಮಾಡಿಬಿಡಿ. ಸ್ಪೀಕರ್ ಎರಡೇ ಇದ್ದರೆ ಪ್ಲೇಯರ್‌ನಲ್ಲಿ 5.1 (ಆರು ಚಾನೆಲ್ ಸೌಂಡ್) ಬಿಟ್ಟು ಸ್ಟೀರಿಯೋಗೆ ಹಾಕಿ. ಇಲ್ಲದಿದ್ದರೆ ಕೆಲವು ಸೆಟ್‌ಗಳಲ್ಲಿ ನಡುವಿನ ಚಾನೆಲ್‌ನ ಮಾತು ಮಾಯವಾಗುತ್ತೆ. ಸ್ಪೀಕರನ್ನು ಪರದೆ ಹತ್ತಿರಕ್ಕಿಂತ ಕೂರೋರ ಹತ್ತಿರಕ್ಕೆ, ಕಿವಿಮಟ್ಟಕ್ಕೆ ತನ್ನಿ. ರಾತ್ರಿ ಮಾಡಿನ ಮೇಲೆ ಅಟ್ಟಿಸಿಕೊಂಡು ಹೋಗೋ ಸೀನಲ್ಲಿ ಸಂಗೀತ ನಿರ್ದೇಶಕ ತಾನ್ ದುನ್ ಹಾಕಿರೋ ಡ್ರಮ್ ಮಳೆಯಲ್ಲೂ ಕೇಳುತ್ತೆ. ಯೋ-ಯೋ ಮಾ ಅವರ ಚೆಲ್ಲೋ ಮಾತ್ರ ಕಷ್ಟ.

ಅದೇ ಸೀನ್ ತುಂಬ ಕತ್ತಲು. ಪ್ರೊಜೆಕ್ಟರನ್ನು ಸಿನಿಮಾ ಮೋಡ್‌ಗೆ ಇಟ್ಟು, ಚಿತ್ರವನ್ನು 100 ಇಂಚಿನಿಂದ 80ಕ್ಕೆ ಇಳಿಸಿ. ಅದೇ ಬೆಳಕು ಚಿಕ್ಕ ಜಾಗಕ್ಕೆ ಬಿದ್ದು ಒಂದೂವರೆ ಪಟ್ಟು ಹೊಳಪು ಬರುತ್ತೆ. ಪ್ರೊಜೆಕ್ಟರ್ ಯುಪಿಎಸ್ ಮೇಲೇ ಇರಲಿ. ಕರೆಂಟ್ ಹೋದ ತಕ್ಷಣ ಫ್ಯಾನೂ ನಿಂತರೆ ಲ್ಯಾಂಪ್ ತಣಿಯೋದಿಲ್ಲ, ಬೇಗ ಹಾಳಾಗುತ್ತೆ.

ಕತ್ತಿವರಸೆ, ವಿರಾಜಪೇಟೆ
ಬೆಳ್ಳಿತೆರೆ ಅಣ್ಣ, ಕಥೆ ವಿಷಯಕ್ಕೆ ಒಪ್ಪಿದೆ. ಆದರೆ ಫೈಟಲ್ಲೂ ವ್ಯತ್ಯಾಸ ಇದೆ, ಅದು ಕಾಣೋದು ಕಾಲಲ್ಲಿ. ರೋಪ್ ಶಾಟ್‌ನಲ್ಲಿ, ಅಂದರೆ ವೈರ್ ಕಟ್ಟಿ ಹಾರಿಸೋ ಶಾಟ್‌ನಲ್ಲಿ, ಮೊದಲು ಮೊಣಕಾಲು ಬಾಗಬೇಕು, ಪಾದ ನೆಲ ಒದೆಯಬೇಕು, ಎಳೆಯೋರು ಅದೇ ಕ್ಷಣಕ್ಕೆ ವೈರ್ ಎಳೆಯಬೇಕು. ಅರ್ಧ ಸೆಕೆಂಡ್ ಮುಂಚೆ ಎಳೆದರೂ ಕಾಲು ಜೋತುಬಿದ್ದು, ಯಾರೋ ಎತ್ತಿಕೊಂಡು ಹೋದ ಹಾಗೆ ಕಾಣುತ್ತೆ. ಸೊಂಟದ ಎರಡೂ ಬದಿಗೆ ವೈರ್ ಕಟ್ಟಿದರೆ ದೇಹ ಉರುಳಬಹುದು, ಬೆನ್ನಿಗೆ ಒಂದೇ ಕಟ್ಟಿದರೆ ಬರೀ ನೇತಾಟ. ನಮ್ಮ ಕೊಡವರ ಬೆತ್ತದ ಆಟ ಪರಿಯ ಕಳಿಯಲ್ಲಿ ಮೊಣಕಾಲ ಕೆಳಗೇ ಹೊಡೆಯಬೇಕಲ್ಲ, ಅದನ್ನು ನೋಡೋವಾಗ ಕಣ್ಣು ಹೇಗೆ ಪಾದದ ಮೇಲೇ ಇರುತ್ತೋ ಹಾಗೇ ಇದನ್ನೂ ನೋಡೋಕೆ ಮಕ್ಕಳಿಗೆ ಹೇಳಿ.

ಬಿದಿರು ಕಾಡಿನ ಸೀನ್ ತೆಗೆದದ್ದು ಚೀನಾದ ಆಂಜಿಯಲ್ಲಿ. ಚೌ ಯುನ್-ಫ್ಯಾಟ್, ಝಾಂಗ್ ಝೀಯಿ ಇಬ್ಬರನ್ನೂ ಕ್ರೇನಿಗೆ ತೂಗುಹಾಕಿ, ಕಂಪ್ಯೂಟರಲ್ಲಿ ವೈರ್ ಅಳಿಸಿದ್ದಾರೆ. ಬಿದಿರು ಬಾಗೋದು, ಮತ್ತೆ ಚಿಮ್ಮೋದು ನಿಜವಾದ್ದು, ಅದಕ್ಕೇ ಕಣ್ಣು ನಂಬುತ್ತೆ. ಎರಡನೆಯದರಲ್ಲಿ ಹಿನ್ನೆಲೆಗೆ ಕಂಪ್ಯೂಟರ್ ಕೆಲಸ ಜಾಸ್ತಿ. ಮನುಷ್ಯರ ಮೇಲೆ ಬಿದ್ದ ಬೆಳಕಿಗೂ ಹಿಂದಿನ ಬೆಟ್ಟಕ್ಕೂ ಹಲವು ಕಡೆ ಹೊಂದೋದಿಲ್ಲ. ಹಾಗಂತ ಪೂರ್ತಿ ತಳ್ಳಿಹಾಕಬೇಡಿ. ಹೆಪ್ಪುಗಟ್ಟಿದ ಕೆರೆ ಮೇಲೆ ಡಾನಿ ಯೆನ್ ಜಾರುತ್ತಲೇ ಹೊಡೆಯೋ ಸೀನ್ ವೂ-ಪಿಂಗ್ ಅವರ ಒಳ್ಳೇ ಕೆಲಸಗಳಲ್ಲೊಂದು. ನೆಲವೇ ಸಹಕರಿಸದಾಗ ವರಸೆ ಹೇಗೆ ಬದಲಾಗುತ್ತೆ ಅನ್ನೋದು ಅಲ್ಲಿ ಚೆನ್ನಾಗಿ ಕಾಣುತ್ತೆ.

ಕಾಫಿಹೂ, ನಾಪೋಕ್ಲು
ತುಂಬ ಉಪಕಾರ. ಹಾಗಾದರೆ ಒಂದೇ ರಾತ್ರಿ ಬೇಡ ಅಲ್ವಾ?

ಬೆಳ್ಳಿತೆರೆ, ಮಡಿಕೇರಿ
ಬೇಡ. ಮೊದಲನೆಯದೇ 2 ಗಂಟೆ. ಏಳೂವರೆಗೆ ಶುರು ಮಾಡಿ, ನಡುವೆ ಮರುಭೂಮಿಯ ಫ್ಲ್ಯಾಶ್‌ಬ್ಯಾಕ್ ಉದ್ದ ಇದೆ, ಅದು ಮುಗಿದ ಮೇಲೆ ಊಟದ ಬ್ರೇಕ್ ಕೊಡಿ. ಅದಕ್ಕೆ ಮುಂಚೆ ನಿಲ್ಲಿಸಿದರೆ ಜೆನ್ ಕಥೆ ಮಕ್ಕಳಿಗೆ ತುಂಡಾಗುತ್ತೆ. ಎರಡನೆಯದು ಮಾರನೇ ದಿನ ಮಧ್ಯಾಹ್ನಕ್ಕಿರಲಿ. ಕೇಳಿದರೆ ಪೂರ್ತಿ ಹಾಕಿ, ಇಲ್ಲದಿದ್ದರೆ ಆ ಕೆರೆ ಸೀನ್ ಒಂದನ್ನೇ ತೋರಿಸಿ.