ಅಪ್ಪ-ಅಮ್ಮನ ಡಿವೋರ್ಸ್ ಆಗಿದೆ, ನನ್ನ ಮದುವೆ ಉಳಿಯುತ್ತದಾ?

ಪ್ರಶ್ನೆ (ಉಡುಪಿಯಿಂದ): ಮೇಡಂ, ನನ್ನ ನಿಶ್ಚಿತಾರ್ಥ ಆಗಿದೆ. ಹುಡುಗನ ಮನೆ ಸುರತ್ಕಲ್. ನಾನು ಐದನೇ ಕ್ಲಾಸಲ್ಲಿ ಇರುವಾಗ ಅಪ್ಪ-ಅಮ್ಮ ಬೇರೆಯಾದರು. ಮನೆಯಲ್ಲಿ ಜಗಳವೇ ಇರಲಿಲ್ಲ. ಒಂದು ದಿನ ಶಾಲೆಯಿಂದ ಬಂದು ನೋಡಿದರೆ ಕಪಾಟಿನಲ್ಲಿ ಅಪ್ಪನ ಖಾಲಿ ಹ್ಯಾಂಗರ್‌ಗಳು ಮಾತ್ರ. ಆಮೇಲೆ ಬೆಳೆದದ್ದು ಅಜ್ಜಿಮನೆಯಲ್ಲಿ. ಈಗ ಇವರು ಸ್ವಲ್ಪ ಸುಮ್ಮನಾದರೂ ಸಾಕು, ಎಲ್ಲ ಮುಗಿಯಿತು ಅನಿಸುತ್ತದೆ. ಅವರ ದೊಡ್ಡಮ್ಮ ಬೇರೆ, 'ತಾಯಿಯ ಹಾಗೆ ಮಗಳೂ ಆಗದಿದ್ದರೆ ಸಾಕು' ಅಂದರಂತೆ. ಇದು ಮಕ್ಕಳಿಗೂ ಬರುತ್ತದಾ?

ಉತ್ತರ (ಆಪ್ತ ಸಮಾಲೋಚಕಿ, ಮಂಗಳೂರು): ದೊಡ್ಡಮ್ಮನನ್ನು ಬಿಡಿ, ಮದುವೆ ಮನೆಗೊಬ್ಬರು ಇಂಥವರು ಇದ್ದೇ ಇರುತ್ತಾರೆ. ಆದರೆ ನಿಮ್ಮ ಪ್ರಶ್ನೆ ಸುಮ್ನೆ ಹುಟ್ಟಿದ್ದಲ್ಲ. ಅಮೆರಿಕದಲ್ಲಿ ಪಾಲ್ ಅಮಾಟೊ ಮತ್ತು ಡೇನೆಲ್ ಡಿಬೋರ್ ಎಂಬ ಸಂಶೋಧಕರು 1980ರಿಂದ 1997ರವರೆಗಿನ ಎರಡು ತಲೆಮಾರಿನ ಮಾಹಿತಿ ನೋಡಿದರು. ಡಿವೋರ್ಸ್ ಆದವರ ಮಕ್ಕಳಲ್ಲಿ ಡಿವೋರ್ಸ್ ಸಾಧ್ಯತೆ ಸುಮಾರು ಎರಡು ಪಟ್ಟು ಇತ್ತು. ಅದು ಅಲ್ಲಿನ ಲೆಕ್ಕ, ನಮ್ಮೂರಿಗೆ ಹಾಗೇ ಹಚ್ಚಬೇಡಿ.

ನಿಮಗೆ ಬೇಕಾದ್ದು ಅದರ ಇನ್ನೊಂದು ಮಾತು. ಜಾಸ್ತಿ ಜಗಳವಾಡಿ ಬೇರೆಯಾದವರ ಮಕ್ಕಳಿಗಿಂತ, ಸದ್ದಿಲ್ಲದೆ ಬೇರೆಯಾದವರ ಮಕ್ಕಳಲ್ಲೇ ಇದು ಹೆಚ್ಚು ಕಂಡಿತು. ಜಗಳ ನೋಡಿದ ಮಗುವಿಗೆ ಕಾರಣ ಗೊತ್ತಿರುತ್ತದೆ. ನಿಮಗೆ ಸಿಕ್ಕಿದ್ದು ಖಾಲಿ ಕಪಾಟು. ಚೆನ್ನಾಗಿದ್ದ ಮದುವೆಯೂ ಹೇಳದೆ ಕೇಳದೆ ಮುರಿಯುತ್ತದೆ ಅಂತ ಮನಸ್ಸು ಕಲಿತಿದೆ. ಅದಕ್ಕೇ ಅವರ ಮೌನಕ್ಕೆ ಇಷ್ಟು ಹೆದರಿಕೆ, ಅಲ್ವಾ?

ಹ್ಯಾಂಗರ್ ವಿಷಯ ಮದುವೆಗೆ ಮುಂಚೆ ಅವರಿಗೆ ಹೇಳಿ. 'ಈಗ ಸಿಟ್ಟಿದೆ, ರಾತ್ರಿ ಊಟ ಆದ ಮೇಲೆ ಮಾತಾಡುವಾ' ಅನ್ನುವುದನ್ನು ಇಬ್ಬರೂ ರೂಢಿ ಮಾಡಿಕೊಳ್ಳಿ. ಅಮ್ಮನನ್ನೂ ಒಮ್ಮೆ ಕೇಳಿ, ಅವತ್ತು ಏನಾಯಿತು ಅಂತ. ಹೇಳಲು ಅವರೂ ಕಾಯುತ್ತಿರಬಹುದು.

ಇನ್ನೊಬ್ಬರು: ಮೇಡಂ, ಹಾಗಾದರೆ ಮಕ್ಕಳಿಗೋಸ್ಕರ ಜಗಳ ಮಾಡಿಕೊಂಡೇ ಒಟ್ಟಿಗೆ ಇರುವುದು ಒಳ್ಳೆಯದಾ?

ಉತ್ತರ: ಅಂಥವರ ಮಕ್ಕಳಲ್ಲಿ ಡಿವೋರ್ಸ್ ಹೆಚ್ಚಿರಲಿಲ್ಲ, ನಿಜ. ಆದರೆ ಉಳಿದ ಮದುವೆಯೆಲ್ಲ ಸುಖದ್ದೇ ಅಂತೇನೂ ಇಲ್ಲ. ದಿನಾ ಬೈಗುಳ ಕೇಳುವ ಮಗು ಬೇರೆ ರೀತಿ ಸೋಲುತ್ತದೆ. ಹೊಡೆತ ಇರುವ ಮನೆಯಲ್ಲಂತೂ ಈ ಲೆಕ್ಕವೇ ಬೇಡ, ಹೊರಗೆ ಬನ್ನಿ.

ಮತ್ತೊಬ್ಬರು: ನಮ್ಮ ಕೇಸ್ ಕೋರ್ಟಲ್ಲಿದೆ. ಮಗನಿಗೆ ಏಳು ವರ್ಷ. ಅಪ್ಪ ದುಬೈಗೆ ಹೋಗಿದ್ದಾರೆ ಅಂತ ಹೇಳಿದ್ದೇವೆ.

ಉತ್ತರ: ಬೇಡಮ್ಮ. ಸಾಧ್ಯವಾದರೆ ಇಬ್ಬರೂ ಒಟ್ಟಿಗೆ ಕೂತು ಹೇಳಿ: ನಮಗಿಬ್ಬರಿಗೆ ಹೊಂದಿಕೆ ಆಗಲಿಲ್ಲ, ನಿನ್ನಿಂದ ಆದದ್ದಲ್ಲ, ಅಪ್ಪ ಯಾವ ದಿನ ಬರುತ್ತಾರೆ, ಎಲ್ಲಿ ಸಿಗುತ್ತಾರೆ. ಹೇಳಿದ ದಿನ ಅಪ್ಪ ಬರಲೇಬೇಕು.