ಅಪ್‌ಡೇಟ್: ಅಮ್ಮನೊಂದಿಗೆ ವಲೆಟ್ಟಾ ನೋಡಿ ಬಂದೆ

ಮೊಣಕಾಲು ನೋವಿರುವ ಅಮ್ಮನನ್ನು ಕರೆದುಕೊಂಡು ಮಾಲ್ಟಾದ ರಾಜಧಾನಿ ವಲೆಟ್ಟಾಕ್ಕೆ ಹೋದರೆ ಎರಡು ದಿನದಲ್ಲಿ ಏನೇನು ನೋಡಬಹುದು ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಹೋಗಿ ಬಂದೆವು.

ಊರು ಚಿಕ್ಕದು, ನಿಜ. ಆದರೆ ಅಡ್ಡರಸ್ತೆಗಳು ಕಡಿದಾದ ಇಳಿಜಾರು, ಕೆಲವಂತೂ ಪೂರ್ತಿ ಮೆಟ್ಟಿಲು! ಕೊನೆಗೆ ದಿಣ್ಣೆಯ ಮೇಲಿನ ರಿಪಬ್ಲಿಕ್ ಬೀದಿಯನ್ನೇ ನೆಚ್ಚಿಕೊಂಡೆವು.

ನೀವು ಹೇಳಿದಂತೆ ಮೊದಲು ಸಂತ ಜಾನರ ಕೋ-ಕೆಥಡ್ರಲ್ ಎಂಬ ದೊಡ್ಡ ಚರ್ಚು. ಹೊರಗಿನಿಂದ ಕೋಟೆಯಂತೆ ಬೋಳು. ಒಳಗೆ ಕಾಲಿಟ್ಟರೆ ಗೋಡೆ, ಚಾವಣಿಗಳೆಲ್ಲ ಚಿನ್ನದ ಬಣ್ಣ. ನೆಲವೆಲ್ಲ ಹಿಂದೆ ಮಾಲ್ಟಾ ಆಳಿದ ನೈಟ್‌ಗಳೆಂಬ ಕ್ರೈಸ್ತ ಯೋಧರ ಸಮಾಧಿಯ ಅಮೃತಶಿಲೆ, ಆದ್ದರಿಂದ ಚೂಪು ಹಿಮ್ಮಡಿಯ ಚಪ್ಪಲಿಗೆ ಪ್ರವೇಶವಿಲ್ಲ. "ಸಮಾಧಿ ತುಳಿಯುವುದು ಹೇಗೆ?" ಎಂದು ಅಮ್ಮ ಅಂಚಿನಲ್ಲೇ ನಡೆದರು. ಇಟಲಿಯ ಚಿತ್ರಕಾರ ಕಾರವಾಜಿಯೊ 1608ರಲ್ಲಿ ಬರೆದ ಯೋಹಾನನ (ಅದೇ ಸಂತ ಜಾನ್) ಶಿರಚ್ಛೇದದ ಚಿತ್ರದ ಮುಂದೆ ಮಾತ್ರ ಅರ್ಧ ಗಂಟೆ ಕದಲಲಿಲ್ಲ. ಯೋಹಾನನ ಕುತ್ತಿಗೆಯಿಂದ ಹರಿದ ರಕ್ತದಲ್ಲೇ ಕಾರವಾಜಿಯೊನ ಸಹಿ ಇದೆ. ಅವನು ಸಹಿ ಹಾಕಿದ ಏಕೈಕ ಕೃತಿ ಅದು.

ಅಪ್ಪರ್ ಬರಾಕ್ಕಾ ಉದ್ಯಾನದಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ತೋಪು ಹಾರಿಸುತ್ತಾರೆ. ಹತ್ತು ನಿಮಿಷ ಮುಂಚೆ ಹೋದ ನಮಗೆ ಸಿಕ್ಕಿದ್ದು ಜನರ ಬೆನ್ನು. ಸಂಜೆ ನಾಲ್ಕರ ತೋಪಿಗೆ ಮತ್ತೆ ಹೋದೆವು. ಅಲ್ಲಿಂದ ಲಿಫ್ಟ್‌ನಲ್ಲಿ ಇಳಿದು ದೋಣಿ ಹಿಡಿದು ಎದುರು ದಡದ ಬಿರ್ಗು ತಲುಪಬಹುದು. ಅಮ್ಮನಿಗೆ ಇಡೀ ಪ್ರವಾಸದಲ್ಲಿ ಹಿಡಿಸಿದ್ದು ಆ ದೋಣಿಯೇ.

ತಪ್ಪಿದ್ದು ಹತ್ತಿರದ ಪಾವ್ಲಾ ಊರಿನ ಹೈಪೊಜಿಯಂ, ಅಂದರೆ ನೆಲದಡಿಯ ಇತಿಹಾಸಪೂರ್ವ ಸಮಾಧಿಸ್ಥಳ. ಒಳಗೆ ಬಿಡುವುದೇ ಗಂಟೆಗೆ ಕೆಲವೇ ಜನರನ್ನು. ವಾರಗಳ ಮುಂಚೆ ಟಿಕೆಟ್ ಕಾದಿರಿಸಿ ಎಂದು ಒಬ್ಬರು ಎಚ್ಚರಿಸಿದ್ದರು, ನಾನೇ ಉದಾಸೀನ ಮಾಡಿದೆ.