ಕಾಲುಚೀಲದ ಹೆಣಿಗೆಯಲ್ಲಿ ‘ಹಿಡಿಯುವುದು’, ‘ಬಿಡುವುದು’, ‘ಕೊಪ್ಪೆ’: ಈ ಪದಗಳು ನಡೆಯುತ್ತವಾ?

ಎಲ್ಲರಿಗೂ ನಮಸ್ಕಾರ.

ಹೋದ ಮಳೆಗಾಲದಲ್ಲಿ ಅಮ್ಮನಿಗೆ ಒಂದು ಜೊತೆ ಕಾಲುಚೀಲ ಹೆಣೆದೆ. ಚಿಕ್ಕಮಗಳೂರಿನ ನಮ್ಮ ಮನೆಯದು ಹಳೇ ರೆಡ್ ಆಕ್ಸೈಡ್ ನೆಲ. ಜುಲೈ, ಆಗಸ್ಟಿನಲ್ಲಿ ಬರಿಗಾಲಿಟ್ಟರೆ ಮಂಡಿವರೆಗೂ ಥಂಡಿ ಏರುತ್ತದೆ. ಅಮ್ಮನಿಗೆ ಮನೆಯೊಳಗೂ ಹವಾಯಿ ಚಪ್ಪಲಿ ಬೇಕು. ಅಂಗಡಿ ಸಾಕ್ಸ್ ಹಾಕಿಕೊಂಡರೆ ಚಪ್ಪಲಿಯ ಬಾರು ಬೆರಳ ಸಂದಿಗೆ ಇಳಿಯುವುದಿಲ್ಲ. ಅದಕ್ಕೇ ಹೆಬ್ಬೆರಳು ಬೇರೆ, ಉಳಿದ ನಾಲ್ಕು ಬೆರಳು ಬೇರೆ ಕೂರುವಂಥದ್ದನ್ನು ಮಾಡಿದೆ. ಬೆರಳ ತುದಿಯಿಂದ ಶುರು ಮಾಡಿ ಮೇಲಕ್ಕೆ ಹೋಗುವುದು.

ಹಾಸನದಲ್ಲಿರುವ ಅತ್ತಿಗೆ ಅದನ್ನು ನೋಡಿ, "ನನಗೂ ಬೇಕು ಕಣೇ, ಹೆಂಗೆ ಮಾಡಿದೆ ಅಂತ ಕನ್ನಡದಲ್ಲಿ ಬರೆದು ಕಳಿಸು" ಅಂದರು. ಹೆಣೆಯುವಾಗ ಪದಗಳೇ ಬೇಕಿರಲಿಲ್ಲ, ಕೈ ಮಾಡುತ್ತಿತ್ತು. ಬರೆಯಲು ಕೂತಾಗ ಸಾಲುಸಾಲಿಗೂ ನಿಂತೆ.

ಮೊದಲನೇ ತೊಡಕು ಕ್ರಿಯಾಪದದ್ದೇ. ನಮ್ಮ ಕಡೆ ರಂಗೋಲಿ ಹಾಕ್ತೀವಿ, ಜಡೆ ಹಾಕ್ತೀವಿ, ಕಸೂತಿ ಹಾಕ್ತೀವಿ, ಸ್ವೆಟರನ್ನೂ ಹಾಕ್ತೀವಿ. "ಅಮ್ಮನಿಗೆ ಸಾಕ್ಸ್ ಹಾಕ್ತಿದ್ದೀನಿ" ಅಂದರೆ ಹೆಣೆಯುತ್ತಿದ್ದೇನೋ, ತೊಡಿಸುತ್ತಿದ್ದೇನೋ ಗೊತ್ತಾಗುವುದಿಲ್ಲ. ಕೆಲವರು "ಸ್ವೆಟರ್ ನೇಯ್ದರು" ಅಂತ ಬರೆಯುತ್ತಾರೆ. ಅದು ನನಗೆ ಒಪ್ಪಿಗೆಯಿಲ್ಲ. ನೇಯ್ಗೆಗೆ ಹಾಸು ಬೇಕು, ಹೊಕ್ಕು ಬೇಕು. ಇಲ್ಲಿರುವುದು ಒಂದೇ ದಾರ, ತನ್ನೊಳಗೇ ತಾನು ನುಸುಳಿಕೊಂಡು ಹೋಗುತ್ತದೆ. ಬುಟ್ಟಿ, ಚಾಪೆ, ಜಡೆಗೆ ಇರುವ ‘ಹೆಣೆ’ ಇದಕ್ಕೂ ಸರಿ ಅನ್ನಿಸಿ ಅದನ್ನೇ ಇಟ್ಟುಕೊಂಡೆ. ಅಂದಹಾಗೆ, ಹೆಬ್ಬೆರಳು ಬೇರೆ ಮಾಡಿದ ಕಾಲುಚೀಲ ಹೊಸತೇನಲ್ಲ. ಈಜಿಪ್ಟಿನಲ್ಲಿ ಸಿಕ್ಕ, 1500 ವರ್ಷಕ್ಕೂ ಹಳೆಯದಾದ ಕೆಂಪು ಉಣ್ಣೆಯ ಒಂದು ಜೊತೆ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಅದೂ ಚಪ್ಪಲಿಯ ಜೊತೆ ತೊಡಲಿಕ್ಕೇ ಮಾಡಿದ್ದು. ಆದರೆ ಅದನ್ನು ಮಾಡಿರುವುದು ಕಡ್ಡಿಗಳಲ್ಲಲ್ಲ. ಒಂದೇ ಸೂಜಿಯಲ್ಲಿ, ಪ್ರತಿ ಸಲವೂ ದಾರವನ್ನು ಪೂರ್ತಿ ಎಳೆದು ಕುಣಿಕೆ ಮಾಡಿದ್ದಾರೆ. ಅದನ್ನೂ ‘ಹೆಣಿಗೆ’ ಅನ್ನಬಹುದು ಅಂತ ನನ್ನ ಅಭಿಪ್ರಾಯ.

ಕಡ್ಡಿಯ ಮೇಲಿನ ಒಂದೊಂದು ಕುಣಿಕೆಗೆ ಏನನ್ನಬೇಕು? ‘ಹೊಲಿಗೆ’ ಅಂದರೆ ಬಟ್ಟೆ ಹೊಲಿದ ಹಾಗಾಗುತ್ತದೆ. ಅಮ್ಮ ‘ಮನೆ’ ಅನ್ನುತ್ತಾಳೆ. "ನಲವತ್ತು ಮನೆ ಹಾಕು, ಎರಡು ಮನೆ ಸೇರಿಸು." ಚೆನ್ನಾಗಿಯೇ ಇದೆ. ಆದರೆ ಕಡ್ಡಿಯಿಂದ ಒಂದು ತಪ್ಪಿಹೋದರೆ "ಮನೆ ಬಿತ್ತು" ಅನ್ನಬೇಕಾಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಆ ಮಾತು ಬಾಯಲ್ಲಿ ಬರಬಾರದು ಅಂತ ಅಮ್ಮ ಯಾವಾಗಲೂ "ಮನೆ ಜಾರಿತು" ಅಂತಲೇ ಹೇಳುತ್ತಾಳೆ. ನಾನು ಬರಹದಲ್ಲಿ ‘ಕಣ್ಣು’ ಅಂತ ಮಾಡಿದ್ದೇನೆ. ಬಲೆಯ ಕಣ್ಣು ಅನ್ನುತ್ತೇವಲ್ಲ, ಹಾಗೆ.

ಈಗ ಹಿಮ್ಮಡಿ. ಹಿಮ್ಮಡಿ ಕೂರುವ ಹಾಗೆ ಕಾಲುಚೀಲವನ್ನು ಬಾಗಿಸಿ ಹೆಣೆಯುವುದಕ್ಕೆ ಇಂಗ್ಲಿಷಿನಲ್ಲಿ ಹೀಲ್ ಟರ್ನ್ ಮಾಡುವುದು ಅನ್ನುತ್ತಾರೆ. "ಹಿಮ್ಮಡಿ ತಿರುಗಿಸಿ" ಅಂತ ಬರೆದರೆ ಅತ್ತಿಗೆ ತಮ್ಮ ಕಾಲನ್ನೇ ತಿರುಗಿಸಿ ನೋಡಿಯಾರು! ‘ಹಿಮ್ಮಡಿ’ಯಲ್ಲಿ ‘ಮಡಿಸು’ ಇದೆಯಲ್ಲ, "ಮಡಿಸಿ" ಅನ್ನೋಣವೇ ಅಂತ ಒಂದು ಆಸೆ ಬಂತು. ತೆಲುಗಿನಲ್ಲಿ ಹಿಮ್ಮಡಿಗೆ ‘ಮಡಮ’ ಅನ್ನುತ್ತಾರೆ. ಅದನ್ನು ನೋಡಿದ ಮೇಲೆ ಇದು ಕಾಲಿನದೇ ಪದ, ಬಟ್ಟೆ ಮಡಿಸುವುದಕ್ಕೂ ಇದಕ್ಕೂ ಸಂಬಂಧ ಜೋಡಿಸಬಾರದು ಅನ್ನಿಸಿ ಕೈಬಿಟ್ಟೆ.

ಆಗುವುದಿಷ್ಟು. ಪಾದದ ಸುತ್ತ ಇರುವ 64 ಕಣ್ಣಿನಲ್ಲಿ ಅರ್ಧ, ಅಂದರೆ 32 ಕಣ್ಣಿನ ಮೇಲೆ ಮಾತ್ರ ಹಿಂದೆ ಮುಂದೆ ಹೋಗುತ್ತೇವೆ. ಪ್ರತಿ ಸಾಲಿನ ಕೊನೆಗೂ ಒಂದು ಕಣ್ಣು ಮುಟ್ಟದೆ ಹಿಂದಿರುಗುತ್ತೇವೆ. ನಡುವೆ 10 ಉಳಿದಾಗ, ಬಿಟ್ಟ ಕಣ್ಣುಗಳನ್ನು ಒಂದೊಂದಾಗಿ ಮತ್ತೆ ಸೇರಿಸಿಕೊಂಡು ಬರುತ್ತೇವೆ. ಬಟ್ಟೆ ತಾನಾಗಿಯೇ ಗುಳಿಬಿದ್ದು ಬಟ್ಟಲಾಗುತ್ತದೆ. ಪೂರ್ತಿ ಹೋಗದ ಈ ಸಾಲಿಗೆ ‘ಮೋಟು ಸಾಲು’ ಅಂತ ಬರೆದೆ. ಮೋಟುಗೋಡೆ ಎಲ್ಲರಿಗೂ ಗೊತ್ತು, ಅಲ್ವಾ? ಆ ಬಟ್ಟಲಿಗೆ ಮಾತ್ರ ಪದ ಸಿಕ್ಕಿರಲಿಲ್ಲ. ಒಂದು ಸಂಜೆ ಗದ್ದೆ ಕೆಲಸದವರೊಬ್ಬರು ಕಂಬಳಿಕೊಪ್ಪೆ (ಮಳೆಗೆ ತಲೆ ಮೇಲಿಂದ ಮಡಿಸಿ ಹೊದೆಯುವ ಕಂಬಳಿ) ಹಾಕಿಕೊಂಡು ಗೇಟಿನ ಹತ್ತಿರ ನಿಂತಿದ್ದರು. ಮಡಿಕೆಯೊಳಗೆ ತಲೆ ಹೇಗೆ ಕೂತಿತ್ತೋ, ಕಾಲುಚೀಲದಲ್ಲಿ ಹಿಮ್ಮಡಿ ಹಾಗೇ ಕೂರುತ್ತದೆ. "ಇಲ್ಲಿಂದ ಹಿಮ್ಮಡಿಗೆ ಕೊಪ್ಪೆ ಎತ್ತಬೇಕು" ಅಂತ ಫೋನಿನಲ್ಲಿ ಓದಿದ್ದೇ ತಡ, ಅತ್ತಿಗೆಗೆ ಅರ್ಥವಾಯಿತು.

ನಿಜವಾಗಿ ನಾನು ಸಿಕ್ಕಿಕೊಂಡಿರುವುದು ಅಳತೆಯ ಹತ್ತಿರ.

ಅಮ್ಮನ ಪಾದದ ಸುತ್ತಳತೆ ಸಂಜೆ ಹೊತ್ತು 23.5 ಸೆಂ.ಮೀ. (ಸಂಜೆಗೆ ಕಾಲು ಸ್ವಲ್ಪ ಊದುತ್ತೆ. ಬೆಳಗ್ಗೆ ಅಳೆದು ಹೆಣೆದರೆ ರಾತ್ರಿ ಬಿಗಿಯಾಗುತ್ತದೆ.) ಕಾಲುಚೀಲವನ್ನು ಕಾಲಿನಷ್ಟೇ ಮಾಡಿದರೆ ಜಾರಿ ಜಾರಿ ಅಂಗಾಲಿನಡಿ ಮುದುಡಿಕೊಳ್ಳುತ್ತದೆ. ಹತ್ತರಲ್ಲಿ ಒಂದು ಪಾಲು ಕಮ್ಮಿ ಇಡುವುದು ರೂಢಿ. 21 ಸೆಂ.ಮೀ. ಬಂತು. 2.5 ಮಿ.ಮೀ. ಕಡ್ಡಿಯಲ್ಲಿ ನನ್ನ ಕೈಗೆ 10 ಸೆಂ.ಮೀ.ಗೆ 30 ಕಣ್ಣು. ಲೆಕ್ಕಕ್ಕೆ 63 ಬಂತು, ಸರಿಸಂಖ್ಯೆ ಇರಲಿ ಅಂತ 64. ಹೆಬ್ಬೆರಳಿನ ಕೊಳವೆ 24, ನಾಲ್ಕು ಬೆರಳಿನದು 48. ಸೇರುವ ಸಂದಿಯಲ್ಲಿ ಎರಡರಿಂದಲೂ ನಾಲ್ಕು ನಾಲ್ಕು ಕಣ್ಣು ಜೋಡಿಸಿ ಮುಚ್ಚಿದರೆ ಸರಿಯಾಗಿ 64 ಉಳಿಯುತ್ತದೆ.

ಮೊದಲನೇ ಸಲ ಹಾಕಿ ನೋಡಿದಾಗ ಬೆರಳೆಲ್ಲ ಚೆನ್ನಾಗಿ ಕೂತವು. ಹಿಮ್ಮಡಿಯ ಹತ್ತಿರ ಮಾತ್ರ ಹತ್ತಲೇ ಇಲ್ಲ. ಅಮ್ಮನ ಪಾದದ ಮೇಲ್ಭಾಗ ಎತ್ತರ. ಎಳೆದು ಹಾಕಿಕೊಂಡಳು. ಒಂದು ಗಂಟೆ ಬಿಟ್ಟು ತೆಗೆದಾಗ ಕಾಲಿನ ಮೇಲೆ ಅಡ್ಡಡ್ಡ ಗೆರೆ ಎದ್ದಿತ್ತು. "ಕಚ್ತಿದೆ ಕಣೇ" ಅಂದಳು. ಚಪ್ಪಲಿ ಕಚ್ಚುತ್ತೆ ಅನ್ನುವುದನ್ನು ಕೇಳಿದ್ದೆ. ಮೆತ್ತನೆ ಉಣ್ಣೆಯೂ ಕಚ್ಚುತ್ತದೆ ಅಂತ ಅವತ್ತು ತಿಳಿಯಿತು. ಹಿಮ್ಮಡಿವರೆಗೆ ಬಿಚ್ಚಿದೆ. ಕೊಪ್ಪೆ ಶುರುವಾಗುವ ಮೊದಲೇ, ಎರಡು ಸುತ್ತಿಗೊಂದು ಸಲ, ಎರಡೂ ಪಕ್ಕಕ್ಕೆ ಒಂದೊಂದು ಕಣ್ಣು ಹೆಚ್ಚಿಸುತ್ತಾ ಹೋದೆ. ಎಂಟು ಸಲಕ್ಕೆ 80 ಆಯಿತು. ಹಿಮ್ಮಡಿ ದಾಟಿದ ಮೇಲೆ ಮತ್ತೆ 64ಕ್ಕೆ ಇಳಿಸಿದೆ. ಈ ಸಲ ಹಾಕಿಕೊಂಡು ಅಡುಗೆಮನೆಗೂ ಬಚ್ಚಲಿಗೂ ನಾಲ್ಕು ಸಲ ಓಡಾಡಿ, "ಈಗ ಕೂತ್ಕೊಂತು ನೋಡು" ಅಂದಳು.

ಈ ‘ಕೂರುವುದು’, ‘ಕಚ್ಚುವುದು’ ಎಷ್ಟು ಚೆನ್ನಾಗಿವೆ! ಅಳತೆಗೆ ಸಂಬಂಧಿಸಿದ ಇನ್ನೆರಡು ನಮ್ಮ ಟೈಲರುಗಳ ಬಾಯಲ್ಲೇ ಇವೆ. ಸಡಿಲ ಬೇಕಾದರೆ "ಎರಡಿಂಚು ಬಿಟ್ಟಿದ್ದೀನಿ" ಅನ್ನುತ್ತಾರೆ. ಬಿಗಿ ಬೇಕಾದರೆ "ಸೈಡಲ್ಲಿ ಅರ್ಧ ಇಂಚು ಹಿಡೀತೀನಿ" ಅನ್ನುತ್ತಾರೆ. ಕಾಲುಚೀಲದಲ್ಲಿ ಇವೆರಡೂ ಒಟ್ಟಿಗೆ ಬರುತ್ತವೆ. ಪಾದದ ಸುತ್ತ ಎರಡೂವರೆ ಸೆಂ.ಮೀ. ಹಿಡಿದಿದ್ದೇನೆ, ಹಿಮ್ಮಡಿಯ ಮುಂದೆ 16 ಕಣ್ಣು ಬಿಟ್ಟಿದ್ದೇನೆ. ಕ್ರಿಯಾಪದವಾಗಿ ಸಲೀಸು. ನಾಮಪದ ಮಾಡಲು ಹೋದಾಗಲೇ ಕಷ್ಟ. ‘ಹಿಡಿತ’ ಅಂದರೆ ಹತೋಟಿ ಅನ್ನುವ ಅರ್ಥ ಮುಂದೆ ಬರುತ್ತದೆ. ‘ಬಿಡುವು’ ಅಂದರೆ ಪುರುಸೊತ್ತು.

ಇದರ ಜೊತೆಗೇ ಇನ್ನೊಂದು. ಕೈಗೆ ಹಾಕುವುದು ಕೈಗವಸು, ಕೈಚೀಲ ಬೇರೆ. ಕಾಲಿಗೆ ಮಾತ್ರ ಯಾಕೆ ಚೀಲ? ಹಿಮ್ಮಡಿಯೇ ಇಲ್ಲದೆ ಸುರುಳಿ ಸುರುಳಿಯಾಗಿ ಹೆಣೆಯುವ ಕಾಲುಚೀಲವೂ ಉಂಟು. ಹೇಗೆ ತಿರುಗಿಸಿ ತೊಟ್ಟರೂ ನಡೆಯುತ್ತದೆ. ಅದಕ್ಕೆ ಚೀಲ ಅನ್ನುವುದು ಸರಿ. ಬೆರಳು, ಹಿಮ್ಮಡಿ ಎಲ್ಲಕ್ಕೂ ಜಾಗ ಮಾಡಿಕೊಟ್ಟ ಇದಕ್ಕೆ ‘ಕಾಲ್ಗವಸು’ ಅನ್ನಬೇಕು ಅಂತ ನನಗೆ ಆಸೆ. ಆದರೆ ಅತ್ತಿಗೆ "ಸಾಕ್ಸ್ ಅಂತಲೇ ಬರಿ" ಅಂದುಬಿಟ್ಟರು.

ಅದಕ್ಕೇ ಕೇಳುತ್ತಿದ್ದೇನೆ. ನಿಮ್ಮ ಮನೆಗಳಲ್ಲಿ ಹೆಣೆಯುವವರು ‘ಮನೆ’ ಅನ್ನುತ್ತಾರಾ, ‘ಕಣ್ಣು’ ಅನ್ನುತ್ತಾರಾ, ಬೇರೆ ಏನಾದರೂ ಇದೆಯಾ? ಬಯಲುಸೀಮೆಯವರಿಗೆ ‘ಕೊಪ್ಪೆ’ ಅಂದರೆ ಕಣ್ಣಿಗೆ ಕಟ್ಟುತ್ತದಾ? ಮುಖ್ಯವಾಗಿ, ಕಾಲಿಗಿಂತ ಬೇಕೆಂತಲೇ ಕಮ್ಮಿ ಇಟ್ಟ ಆ ಎರಡೂವರೆ ಸೆಂ.ಮೀ.ಗೆ ಒಂದು ಹೆಸರು ಬೇಕು. ಟೈಲರ್ ಅಂಗಡಿಯಲ್ಲಿ, ಚಪ್ಪಲಿ ಹೊಲಿಯುವವರಲ್ಲಿ, ಮೃದಂಗಕ್ಕೆ ಚರ್ಮ ಬಿಗಿಯುವವರಲ್ಲಿ ಏನಾದರೂ ಕೇಳಿದ್ದರೆ ದಯವಿಟ್ಟು ತಿಳಿಸಿ. ಅತ್ತಿಗೆ ಕಡ್ಡಿ, ಉಣ್ಣೆ ಎಲ್ಲ ತಂದಿಟ್ಟುಕೊಂಡು ಕಾಯುತ್ತಿದ್ದಾರೆ. ಬರಹದಲ್ಲಿ ಆ ಒಂದು ಜಾಗ ಇನ್ನೂ ಖಾಲಿ ಇದೆ.